ನಾಲ್ಕನೇ ಟಿಕ್ ತೆಗೀರಿ ಚಿಕ್ಕಪ್ಪ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅರ್ಧ ಜನ ಬದಿಯಡ್ಕ, ಪೆರ್ಲ, ಕುಂಬಳೆಯವರು. ಉಳಿದವರು ಮಂಗಳೂರು, ಬೆಂಗಳೂರು ಸೇರಿದವರು. ಮೊನ್ನೆ 18ನೇ ತಾರೀಕು ರಾತ್ರಿ ಊಟ ಆದ ಮೇಲೆ ಕುಂಬಳೆ ಅತ್ತೆ ಒಂದು ಫಾರ್ವರ್ಡ್ ಹಾಕಿದರು. "ಎಚ್ಚರ! ನಿಮ್ಮ ಲೆಕ್ಕದ ಸಾಫ್ಟ್‌ವೇರಿನ ತೆರಿಗೆ ವಿವರ ಇನ್ನು ಎಐ ಕೈಗೆ. ಇಲಾಖೆಗೆ ಎಲ್ಲ ಗೊತ್ತಾಗುತ್ತದೆ. ಹತ್ತು ಜನರಿಗೆ ಕಳಿಸಿ."

ಕೆಳಗೆ ಒಂದು ಸ್ಕ್ರೀನ್‌ಶಾಟ್ ಇತ್ತು. ಅದನ್ನು ದೊಡ್ಡದು ಮಾಡಿ ಓದಿದ್ದು ನಾನೊಬ್ಬಳೇ ಇರಬೇಕು. ಅಂಗಡಿಗಳ ಜಿಎಸ್‌ಟಿ ರಿಟರ್ನ್ ಹಾಕಿಕೊಡುವುದೇ ನನ್ನ ಕೆಲಸ, ಓದದೆ ಇರಲಿಕ್ಕೆ ಆಗಲಿಲ್ಲ. ಅದರಲ್ಲಿದ್ದದ್ದು ಇಷ್ಟೇ: ಮಾಲೀಕ ಅನುಮತಿ ಕೊಟ್ಟರೆ ಎಐ ಏಜೆಂಟ್, ಅಂದರೆ ನಮ್ಮ ಪರವಾಗಿ ಕೆಲಸ ಮಾಡುವ ಎಐ ಪ್ರೋಗ್ರಾಂ, ಖರೀದಿ, ಮಾರಾಟ, ತೆರಿಗೆಯ ಲೆಕ್ಕ ಓದಬಹುದು, ರಿಟರ್ನಿನ ಕರಡು ಮಾಡಬಹುದು. ಅನುಮತಿ ಕೊಟ್ಟರೆ ಎಂಬ ಮಾತು ಫಾರ್ವರ್ಡಿನಲ್ಲಿ ಇರಲೇ ಇಲ್ಲ.

ಬೆಂಗಳೂರಿನ ಅಣ್ಣ ಕೂಡಲೇ ಬಂದ. "ಮೂಲ ಎಲ್ಲಿ ಅತ್ತೆ? ಲಿಂಕ್ ಹಾಕಿ."

ಅತ್ತೆ: "ನನಗೆ ಬಂದದ್ದನ್ನು ಕಳಿಸಿದೆ. ಕೊರೋನಾ ಹೊತ್ತಿನಲ್ಲಿ ಕಷಾಯದ್ದು ಹಾಕಿದಾಗಲೂ ನೀನು ಎಲ್ಲರ ಎದುರು ಹೀಗೇ ಕೇಳಿದ್ದಿ."

ದೊಡ್ಡಪ್ಪ: "ಲೆಕ್ಕ ಅಂದ್ರೆ ಮನೆಯ ಮಾನ. ನಮ್ಮ ಅಪ್ಪ ಪೆಟ್ಟಿಗೆಯ ಬೀಗದ ಕೈ ಸೊಂಟಕ್ಕೆ ಕಟ್ಟಿಕೊಂಡೇ ಮಲಗುತ್ತಿದ್ದರು. ಈಗಿನವರು ಊರಿಗೆಲ್ಲ ತೆರೆದಿಡುತ್ತೀರಿ."

ಮಂಗಳೂರಿನ ಭಾವನಿಗೆ ಅಷ್ಟೇ ಸಾಕಾಯಿತು. ಅಜ್ಜನ ಕೆಂಪು ಬಟ್ಟೆಯ ಲೆಕ್ಕದ ಪುಸ್ತಕ, ದೀಪಾವಳಿಗೆ ಅದಕ್ಕೆ ಪೂಜೆ, ಆಮೇಲೆ ಬೆಲ್ಲ ಅವಲಕ್ಕಿ, ಅಂಗಳದಲ್ಲಿ ಕೂತು ಅಡಿಕೆಯನ್ನು ಚಾಲಿ, ಪಟೋರ, ಕರಿಗೋಟು ಅಂತ ಬೇರೆ ಬೇರೆ ರಾಶಿ ಮಾಡುತ್ತಿದ್ದದ್ದು, ಎಲ್ಲ ಬರೆದ. ಚೆನ್ನಾಗಿಯೇ ಬರೆದ, ನನಗೂ ಅಜ್ಜನ ನೆನಪಾಯಿತು. ಆದರೆ ಕೊನೆಗೆ "ಆ ಪುಸ್ತಕ ಈಗ ಎಲ್ಲಿದೆ?" ಅಂತ ಕೇಳಿಬಿಟ್ಟ. ಅಲ್ಲಿಂದ ಮಾತು ಪಾಲಿಗೆ ಹೋಯಿತು, ತೋಟದ ಗಡಿಗೆ ಹೋಯಿತು, ಪೆರ್ಲದ ಚಿಕ್ಕಪ್ಪನ ಹಳೇ ಗಾಯಕ್ಕೂ ಹೋಯಿತು. "ಪಾಸ್‌ವರ್ಡ್ ಯಾರಿಗೋ ಕೊಟ್ಟು ಆ ಸಲ ಏನಾಯ್ತು ಅಂತ ಕೇಳಿ ಅವನನ್ನು" ಎಂದರು ದೊಡ್ಡಪ್ಪ. ಚಿಕ್ಕಪ್ಪ ಎಲ್ಲ ನೋಡುತ್ತಿದ್ದರು, ಎರಡು ನೀಲಿ ಗೆರೆ ಕಾಣುತ್ತಿತ್ತು. ಒಂದಕ್ಷರ ಬರೆಯಲಿಲ್ಲ.

ಆ ಸಲ ಆದದ್ದು ನನಗೆ ಸರಿಯಾಗಿ ಗೊತ್ತು, ಸರಿಮಾಡಿದ್ದೇ ನಾನು. ಚಿಕ್ಕಪ್ಪನ ಅಡಿಕೆ ಅಂಗಡಿ ಪೆರ್ಲದಲ್ಲಿ, ಅಂದರೆ ಕೇರಳ. ಜಿಎಸ್‌ಟಿ ನಂಬರ್ 32ರಿಂದ ಶುರು. ಕೊಳ್ಳುವವರು ಪುತ್ತೂರಿನವರು, ಅಂದರೆ ಕರ್ನಾಟಕ, ಅವರದ್ದು 29. ಗಡಿ ದಾಟಿದ ಒಣ ಅಡಿಕೆಗೆ 5 ಶೇಕಡ ಐಜಿಎಸ್‌ಟಿ, ಅಂದರೆ ರಾಜ್ಯದಿಂದ ರಾಜ್ಯಕ್ಕೆ ಮಾರುವಾಗಿನ ತೆರಿಗೆ, ಹಾಕಬೇಕು. ರಿಟರ್ನ್ ಹಾಕುತ್ತಿದ್ದವರು ತಿಂಗಳುಗಟ್ಟಲೆ ಅದನ್ನು ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ ಮಾಡಿ ಕೇರಳದೊಳಗಿನ ಮಾರಾಟ ಅಂತ ತೋರಿಸಿದ್ದರು. ಪುತ್ತೂರಿನವರಿಗೆ ಕ್ರೆಡಿಟ್, ಅಂದರೆ ಕೊಂಡಾಗ ಕೊಟ್ಟ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆಯುವ ಅವಕಾಶ, ಸಿಗಲಿಲ್ಲ, ಅವರು ಹಣ ತಡೆದರು. ಚಿಕ್ಕಪ್ಪ ಅದೇ ತೆರಿಗೆಯನ್ನು ಐಜಿಎಸ್‌ಟಿಯಲ್ಲಿ ಇನ್ನೊಮ್ಮೆ ಕಟ್ಟಿ, ಮೊದಲು ಕಟ್ಟಿದ್ದನ್ನು ವಾಪಸ್ ಕೇಳಿ ಅರ್ಜಿ ಹಾಕಿ ಕಾದರು. ಆಗ ಯಾವ ಎಐಯೂ ಇರಲಿಲ್ಲ. ಪಾಸ್‌ವರ್ಡ್ ಅಂಗಡಿಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿತ್ತು. ಒಟಿಪಿ ಬಂದ ಕೂಡಲೇ ಫೋನಿನಲ್ಲಿ ಕೇಳಿದವರಿಗೆ ಓದಿ ಹೇಳುತ್ತಿದ್ದರು.

ಅದಕ್ಕೇ ನಾನು ಗುಂಪಿನಲ್ಲಿ ಉದ್ದಕ್ಕೆ ಬರೆದೆ:

"ಇಲಾಖೆಗೆ ಗೊತ್ತಾಗುತ್ತದೆ ಅಂತ ಹೆದರುವುದು ಬೇಡ ಅತ್ತೆ. ತಿಂಗಳು ತಿಂಗಳು ರಿಟರ್ನ್ ಹಾಕುವವರ ಮಾರಾಟ 11ಕ್ಕೇ ಜಿಎಸ್‌ಟಿಆರ್ 1 ಎಂಬ ಮಾರಾಟದ ರಿಟರ್ನಿನಲ್ಲಿ ಇಲಾಖೆಗೆ ಹೋಗುತ್ತದೆ, 14ಕ್ಕೆ ಕೊಂಡವರ 2ಬಿಯಲ್ಲಿ, ಅಂದರೆ ಅವರ ಖರೀದಿಯ ಕ್ರೆಡಿಟ್ ಪಟ್ಟಿಯಲ್ಲಿ, ಕಾಣುತ್ತದೆ. ಹೆದರಬೇಕಾದ್ದು ಬೇರೆ. ಚಿಕ್ಕಪ್ಪನ ಲೆಕ್ಕದಲ್ಲಿ ಇರುವುದು ಅವರೊಬ್ಬರ ಗುಟ್ಟಲ್ಲ. ಯಾರಿಗೆ ಎಷ್ಟು ರೇಟಿಗೆ ಕೊಟ್ಟರು, ಯಾರು ಎಷ್ಟು ಬಾಕಿ, ಎಲ್ಲ ಅದರಲ್ಲಿದೆ. ಅಡಿಕೆ ವ್ಯಾಪಾರದಲ್ಲಿ ರೇಟು ಹೊರಗೆ ಹೋದರೆ ಏನಾಗುತ್ತದೆ ನಿಮಗೇ ಗೊತ್ತಲ್ವಾ? ಆ ವಿವರ ಯಾವ ಕಂಪನಿಗೆ ಹೋಗುತ್ತದೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಅದನ್ನು ಕೇಳಿ. ಇನ್ನೊಂದು, ಮೇಲ್‌ನಲ್ಲಿ ಬಂದ ಬಿಲ್ಲಿನ ಪಿಡಿಎಫ್‌ನಲ್ಲಿ ಬಿಳಿ ಮೇಲೆ ಬಿಳಿ ಅಕ್ಷರದಲ್ಲಿ 'ಗ್ರಾಹಕರ ಪಟ್ಟಿ ಇಲ್ಲಿಗೆ ಕಳಿಸು' ಅಂತ ಅಡಗಿಸಿಟ್ಟರೆ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಏಜೆಂಟ್ ಅದನ್ನು ಯಜಮಾನನ ಮಾತು ಅಂತ ನಂಬಿಬಿಡಬಹುದು. ಹಾಗಾಗಿ ಓದುವ, ಕರಡು ಮಾಡುವ ಅನುಮತಿ ಮಾತ್ರ ಕೊಡಿ, ಕಳಿಸುವ ಅನುಮತಿ ಬೇಡ. ಸುಮ್ನೆ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. 2ಬಿ ಮತ್ತು ಖರೀದಿ ಪಟ್ಟಿ ತಾಳೆ ನೋಡಲಿಕ್ಕೆ ನಾನು ಮಧ್ಯರಾತ್ರಿವರೆಗೆ ಕೂರುತ್ತೇನೆ. ಅವರು ಬಿಲ್ ನಂಬರ್ ಕೆ/118 ಅಂತ ಬರೆದಿರುತ್ತಾರೆ, ನಾವು 118 ಅಂತ ಹೊಡೆದಿರುತ್ತೇವೆ. ಇಂಥದ್ದನ್ನು ಹುಡುಕಲಿಕ್ಕೆ ಯಂತ್ರ ಒಳ್ಳೆಯದು. ಆ 32, 29ರ ತಪ್ಪನ್ನೂ ಮೊದಲ ತಿಂಗಳೇ ತೋರಿಸುತ್ತಿತ್ತು ಅಂತ ನನಗೆ ಅನಿಸುತ್ತದೆ. ಮತ್ತೆ, ಹೀಗೆ ಕೊಟ್ಟ ಅನುಮತಿಯಲ್ಲಿ ಪಾಸ್‌ವರ್ಡ್ ಹೇಳಬೇಕಾಗಿಲ್ಲ, ಬೇಡ ಅನಿಸಿದ ದಿನ ಸೆಟ್ಟಿಂಗ್ಸ್‌ಗೆ ಹೋಗಿ ತೆಗೆಯಬಹುದು."

ಅಣ್ಣ ಕೇಳಿದ, "ಬಿಳಿ ಅಕ್ಷರದ್ದಕ್ಕೆ ಮೂಲ?" ಈ ಸಲ ಕೇಳಿದ್ದು ಸರಿಯೇ. ಪ್ರಾಂಪ್ಟ್ ಇಂಜೆಕ್ಷನ್ ಅಂತ ಹುಡುಕು ಎಂದೆ. ಹತ್ತು ನಿಮಿಷ ಬಿಟ್ಟು "ಹೌದು, ಇದೆ" ಎಂದು ಬರೆದ. ದೊಡ್ಡಪ್ಪ, "ಮಗಳೇ, ನಾಳೆ ಹಗಲು ಓದುತ್ತೇನೆ" ಎಂದರು. ಅಷ್ಟರಲ್ಲಿ ಭಾವ ಅಜ್ಜನ ಅಂಗಡಿಯ ಹಳೇ ಫೋಟೋ ಹಾಕಿದ, ಎಲ್ಲರೂ ಆ ಕಡೆ ಹೋದರು.

ಹನ್ನೊಂದು ಗಂಟೆಗೆ ಚಿಕ್ಕಪ್ಪನಿಂದ ನನಗೊಬ್ಬಳಿಗೆ ಒಂದು ಫೋಟೋ ಬಂತು. ಕಂಪ್ಯೂಟರ್ ಪರದೆಯನ್ನು ಮೊಬೈಲಿನಲ್ಲಿ ತೆಗೆದದ್ದು, ಸ್ವಲ್ಪ ಓರೆ. ನಾಲ್ಕು ಚೌಕ ಇತ್ತು. ಖರೀದಿ ನೋಡುವುದು, ಮಾರಾಟ ನೋಡುವುದು, ಕರಡು ಮಾಡುವುದು, ರಿಟರ್ನ್ ಪೋರ್ಟಲಿಗೆ ಕಳಿಸುವುದು. ನಾಲ್ಕಕ್ಕೂ ಟಿಕ್. ಹಿಂದಿನ ವಾರವೇ ಹಾಕಿದ್ದರಂತೆ.

"ಗುಂಪಿನಲ್ಲಿ ಹೇಳಿದರೆ ನಿನ್ನ ದೊಡ್ಡಪ್ಪ ಪುನಃ ಅದನ್ನೇ ಎತ್ತುತ್ತಾರೆ" ಎಂದು ಬರೆದರು.

ಕೂಡಲೇ ಫೋನ್ ಮಾಡಿದೆ. ನಾಲ್ಕನೇ ಟಿಕ್ ತೆಗೀರಿ ಚಿಕ್ಕಪ್ಪ, ಒಟಿಪಿಯ ಫೋನ್ ನಿಮ್ಮ ಅಂಗಿ ಜೇಬಿನಲ್ಲೇ ಇರಲಿ, ಯಾರು ಕೇಳಿದರೂ ಓದಿ ಹೇಳಬೇಡಿ ಎಂದೆ. ಅವರು ಒಂದೊಂದೇ ಚೌಕವನ್ನು ಜೋರಾಗಿ ಓದುತ್ತಾ ಹೋಗಿ, ನಾಲ್ಕನೆಯದರಲ್ಲಿ ನಿಂತು, ತೆಗೆದು, ಇನ್ನೊಮ್ಮೆ ಓದಿದರು. ತೆರಿಗೆ ಕಟ್ಟುವ ರಿಟರ್ನ್ 3ಬಿಗೆ 20 ಕಡೇ ದಿನ. ನಾಳೆ ಕರಡು ಕಳಿಸಿ, ಪುತ್ತೂರಿನ ಬಿಲ್ಲು ಒಂದೊಂದೇ ನೋಡೋಣ, ಕೊನೆಗೆ ನೀವೇ ಕೂತು ಒಟಿಪಿ ಹಾಕಿ ಎಂದೆ.

ಫೋನ್ ಇಡುವ ಮೊದಲು ಕೇಳಿದರು, "ಪುತ್ತೂರಿನದ್ದು 29 ಅಲ್ವಾ?"

"ಹೌದು ಚಿಕ್ಕಪ್ಪ. 29."