ನಾರುಹುಣ್ಣನ್ನು ಓಡಿಸಿದ್ದು ಯಾರು? ವೈದ್ಯರಿಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ (ಶಿಕ್ಷಕಿ, ರಾಯಚೂರು ಜಿಲ್ಲೆ): ಡಾಕ್ಟ್ರೇ, ನಮಸ್ಕಾರ್ರೀ. ನಮ್ಮ ಅವ್ವನ ಕಾಲಾಗ ನಾರುಹುಣ್ಣಿನ ಕಲೆ ಇನ್ನೂ ಅದ. ಸಣ್ಣಾಕಿ ಇದ್ದಾಗ ಆಗಿದ್ದಂತ. ಮೊನ್ನೆ ಸಾಲ್ಯಾಗ ಈ ಮಾತು ಬಂದಾಗ ಒಬ್ಬ ಹುಡುಗ, "ಅದನ್ನ ಅಮೆರಿಕದ ಅಧ್ಯಕ್ಷ ಓಡಿಸಿದ್ದಲ್ಲೇನ್ರೀ ಟೀಚರ್" ಅಂದ. ಜಿಮ್ಮಿ ಕಾರ್ಟರ್ ತೀರಿಕೊಂಡಾಗ ಮೊಬೈಲಿನಾಗ ನೋಡಿದ್ನಂತ. ಖರೇ ಏನ್ರೀ ಇದು?

ಉತ್ತರ (ಸಮುದಾಯ ವೈದ್ಯಶಾಸ್ತ್ರದ ವೈದ್ಯೆ): ಆ ಹುಡುಗನಿಗೆ ನನ್ನ ಕಡೆಯಿಂದಲೂ ಒಂದು ಶಭಾಷ್ ಹೇಳಿ ಟೀಚರ್. ಜಗತ್ತಿನ ಲೆಕ್ಕದಲ್ಲಿ ಅವನ ಮಾತು ಬಹುಮಟ್ಟಿಗೆ ಸರಿ. ನಮ್ಮ ದೇಶದ ಕಥೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಕಾರ್ಟರ್ 1981ರಲ್ಲಿ ಅಧಿಕಾರದಿಂದ ಇಳಿದರು. ಮರುವರ್ಷ ಪತ್ನಿ ರೊಸಾಲಿನ್ ಜೊತೆ ಸೇರಿ ಅಟ್ಲಾಂಟಾದಲ್ಲಿ ಕಾರ್ಟರ್ ಸೆಂಟರ್ ಎಂಬ ಸೇವಾ ಸಂಸ್ಥೆ ಕಟ್ಟಿದರು. ಅದೇ ಕಾಲಕ್ಕೆ ವಿಶ್ವಸಂಸ್ಥೆ 1981ರಿಂದ 1990ರವರೆಗಿನ ಅವಧಿಯನ್ನು ಕುಡಿಯುವ ನೀರಿನ ದಶಕ ಎಂದು ಘೋಷಿಸಿತ್ತು. ಸಿಡುಬು ನಿರ್ಮೂಲನೆಯಲ್ಲಿ ಪಳಗಿದ ಡಾ. ಡೊನಾಲ್ಡ್ ಹಾಪ್ಕಿನ್ಸ್ ಆಗ ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯಲ್ಲಿದ್ದರು. ನಾರುಹುಣ್ಣು ಕುಡಿಯುವ ನೀರಿನಿಂದ ಬರುವ ಹುಳುವಿನ ರೋಗ, ನೀರು ಸರಿಹೋದರೆ ಅದು ಹೋಗಲೇಬೇಕು, ಹಾಗಾಗಿ ಈ ದಶಕದಲ್ಲೇ ಇದನ್ನು ಬೇರುಸಹಿತ ಕೀಳೋಣ ಎಂದು ಅವರು ಪಟ್ಟು ಹಿಡಿದಿದ್ದರು. ಕಾರ್ಟರ್ ಅವರ ಹಳೆಯ ಸಲಹೆಗಾರ ಡಾ. ಪೀಟರ್ ಬೋರ್ನ್ ಈ ವಿಷಯವನ್ನು ಅವರ ಕಿವಿಗೆ ಹಾಕಿದರು. 1986ರಲ್ಲಿ ಕಾರ್ಟರ್ ಸೆಂಟರ್ ಈ ಕೆಲಸ ಕೈಗೆತ್ತಿಕೊಂಡಿತು. ಮುಂದೆ ಹಾಪ್ಕಿನ್ಸ್ ಅಲ್ಲಿಗೇ ಸೇರಿ ಅದರ ಹೊಣೆ ಹೊತ್ತರು. ಆಗ ಆಫ್ರಿಕ ಮತ್ತು ಏಷ್ಯಾದ 21 ದೇಶಗಳಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನ ಇದರಿಂದ ನರಳುತ್ತಿದ್ದರು ಎಂಬುದು ಅಂದಾಜು.

ಪ್ರಶ್ನೆ (ವಿದ್ಯಾರ್ಥಿ, ಮೈಸೂರು): ಮೇಡಂ, ನಮ್ಮ ಕಡೆ ಈ ಹೆಸರೇ ಕೇಳಿಲ್ಲ. ಏನು ರೋಗ ಇದು? ಲಸಿಕೆ ಹಾಕಿ ಓಡಿಸಿದ್ದಾ?

ಉತ್ತರ: ಇಲ್ಲಪ್ಪ. ಇದಕ್ಕೆ ಲಸಿಕೆ ಇಲ್ಲ, ಹುಳುವನ್ನು ಕೊಲ್ಲುವ ಮಾತ್ರೆಯೂ ಇಲ್ಲ. ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲ ಎಂಬ ಭರವಸೆಯೂ ಇಲ್ಲ. ಇಷ್ಟೆಲ್ಲ "ಇಲ್ಲ"ಗಳ ನಡುವೆಯೂ ಜಗತ್ತಿನಿಂದ ಹೊರಟುನಿಂತ ರೋಗ ಇದು. ಅದಕ್ಕೇ ನಾನು ಪ್ರತಿವರ್ಷ ನನ್ನ ವಿದ್ಯಾರ್ಥಿಗಳಿಗೆ ಇದನ್ನು ಪಟ್ಟಾಗಿ ಕೂತು ಪಾಠ ಮಾಡುತ್ತೇನೆ.

ಕೆರೆ, ಮೆಟ್ಟಿಲು ಬಾವಿಗಳ ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಜೀವಿ ಇರುತ್ತದೆ. ಗಾಜಿನ ಲೋಟದಲ್ಲಿ ನೀರು ತುಂಬಿ ಬೆಳಕಿಗೆ ಹಿಡಿದರೆ, ಬಿಳಿ ಚುಕ್ಕಿಯೊಂದು ಕುಪ್ಪಳಿಸಿದ ಹಾಗೆ ಕಾಣುತ್ತದೆ. ಅದರ ಹೊಟ್ಟೆಯಲ್ಲಿ ನಾರುಹುಳುವಿನ ಮರಿ. ನೀರಿನ ಜೊತೆ ಅದು ನಮ್ಮ ಹೊಟ್ಟೆ ಸೇರುತ್ತದೆ. ಸುಮಾರು ಒಂದು ವರ್ಷ ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಹೆಣ್ಣು ಹುಳು ಒಂದು ಮೀಟರ್‌ವರೆಗೂ ಬೆಳೆದು, ಹೆಚ್ಚಾಗಿ ಮೊಣಕಾಲಿನ ಕೆಳಗೆ, ಬೊಬ್ಬೆ ಎಬ್ಬಿಸಿ ಹೊರಗೆ ತಲೆ ಹಾಕುತ್ತದೆ. ಬೆಂಕಿ ಇಟ್ಟಂಥ ಉರಿ. ತಡೆಯಲಾರದೆ ರೋಗಿ ಕಾಲನ್ನು ನೀರಿಗೆ ಇಳಿಸುತ್ತಾನೆ. ನೀರು ತಾಗಿದ್ದೇ ತಡ, ಹುಳು ಲಕ್ಷಾಂತರ ಮರಿಗಳನ್ನು ಹಾಲು ಚೆಲ್ಲಿದಂತೆ ಬಿಡುತ್ತದೆ. ಊರೆಲ್ಲ ಕುಡಿಯುವ ಬಾವಿಯೇ ಆದರೆ ಮುಂದಿನ ವರ್ಷ ಊರಿಗೆ ಊರೇ ಮಲಗುತ್ತದೆ, ಅದೂ ಬಿತ್ತನೆಯ ಇಲ್ಲವೇ ಸುಗ್ಗಿಯ ಹೊತ್ತಿಗೆ.

ಚಿಕಿತ್ಸೆ ಅಂದರೆ ಹೊರಬಂದ ತುದಿಯನ್ನು ಸಣ್ಣ ಕಡ್ಡಿಗೋ ಬಟ್ಟೆಗೋ ಸುತ್ತಿ ದಿನಕ್ಕೆ ಒಂದೆರಡು ಅಂಗುಲದಷ್ಟು ಎಳೆಯುವುದು. ವಾರಗಟ್ಟಲೆ ಹಿಡಿಯುತ್ತದೆ. ಆತುರಪಟ್ಟು ಎಳೆದರೆ ಹುಳು ಒಳಗೇ ತುಂಡಾಗಿ ಕೀವು ತುಂಬುತ್ತದೆ.

ಪ್ರಶ್ನೆ (ಇಂಜಿನಿಯರ್, ಬೆಂಗಳೂರು): ಹಾಗಾದರೆ ನೀರು ಸೋಸಿ ಕುಡಿದರೆ ಮುಗಿಯಿತಲ್ಲ? ಇದಕ್ಕೆ ಅಷ್ಟು ದೊಡ್ಡ ಸಂಸ್ಥೆ, ಅಷ್ಟು ದುಡ್ಡು ಯಾಕೆ ಬೇಕಿತ್ತು?

ಉತ್ತರ: ಸೋಸುವುದು ಸುಲಭ. ಹಳ್ಳಿ ಹಳ್ಳಿಯ ಪ್ರತಿ ಮನೆಯಲ್ಲೂ, ಪ್ರತಿದಿನ, ವರ್ಷಗಟ್ಟಲೆ ಸೋಸುವಂತೆ ಮಾಡುವುದು ಸುಲಭವಲ್ಲ.

ಬಟ್ಟೆಯ ವಿಷಯವನ್ನೇ ನೋಡಿ. ಹತ್ತಿ ಬಟ್ಟೆ ಬೇಗ ಕಟ್ಟಿಕೊಳ್ಳುತ್ತದೆ, ಬೇಗ ಹರಿಯುತ್ತದೆ. ಕಾರ್ಟರ್ ಈ ತೊಂದರೆಯನ್ನು ಡ್ಯುಪಾಂಟ್ ಕಂಪನಿಯವರ ಮುಂದಿಟ್ಟರು. ಅವರ ನೈಲಾನ್ ಎಳೆಯನ್ನು ಪ್ರಿಸಿಷನ್ ಫ್ಯಾಬ್ರಿಕ್ಸ್ ಎಂಬ ಕಂಪನಿ ಸೋಸುವ ಬಟ್ಟೆಯಾಗಿ ನೇಯ್ದುಕೊಟ್ಟಿತು. ನೀರು ಸರಾಗ ಇಳಿಯುತ್ತದೆ, ಸೈಕ್ಲಾಪ್ಸ್ ಮೇಲೇ ಉಳಿಯುತ್ತದೆ. ದನ ಮೇಯಿಸುತ್ತ ಅಲೆಯುವವರಿಗಾಗಿ ಕೊಳವೆಯ ತುದಿಗೆ ಅದೇ ಜಾಳಿಗೆ ಕೂರಿಸಿ, ಕೊರಳಿಗೆ ಹಾಕಿಕೊಳ್ಳುವಂತೆ ದಾರ ಕಟ್ಟಿ ಕೊಟ್ಟರು. ಅದರಿಂದ ಕೆರೆಯ ನೀರನ್ನು ನೇರವಾಗಿ ಹೀರಿ ಕುಡಿಯಬಹುದು. ಸೈಕ್ಲಾಪ್ಸ್ ಕೊಲ್ಲುವ ಅಬೇಟ್ ಔಷಧಿಯನ್ನೂ ಕಂಪನಿಗಳು ದಾನ ಕೊಟ್ಟವು.

ಬಟ್ಟೆ ತಲುಪಿದರೂ ಮನಸ್ಸು ಒಪ್ಪಬೇಕಲ್ಲ? ಎಷ್ಟೋ ಊರುಗಳಲ್ಲಿ ಇದು ಶಾಪ, ಮಾಟ ಎಂದೇ ನಂಬಿಕೆ. ಕೆರೆ ಪವಿತ್ರ, ಅದಕ್ಕೆ ಔಷಧಿ ಹಾಕಕೂಡದು ಎಂದು ಹಿರಿಯರು ಅಡ್ಡ ನಿಲ್ಲುತ್ತಿದ್ದರು. ಹೊರಗಿನವರು ಬಂದು ಭಾಷಣ ಮಾಡಿದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಆಯಾ ಊರಿನವರನ್ನೇ ಸ್ವಯಂಸೇವಕರಾಗಿ ತರಬೇತುಗೊಳಿಸಿದರು. ಯಾರ ಕಾಲಿನಲ್ಲಿ ಬೊಬ್ಬೆ ಎದ್ದಿದೆ ಎಂಬುದು ಅವರಿಗೆ ಅಂದೇ ಗೊತ್ತಾಗುತ್ತಿತ್ತು, ರೋಗಿ ನೀರಿಗೆ ಇಳಿಯದಂತೆ ಅವರೇ ಕಾಯುತ್ತಿದ್ದರು.

ಇನ್ನೊಂದು, ಮಾಜಿ ಅಧ್ಯಕ್ಷರೊಬ್ಬರು ಮಾತ್ರ ಮಾಡಬಹುದಾದ ಕೆಲಸ: ದೇಶದ ಮುಖ್ಯಸ್ಥರ ಬಾಗಿಲು ತಟ್ಟುವುದು. ಪಾಕಿಸ್ತಾನದಲ್ಲಿ ಜನರಲ್ ಜಿಯಾ ಅವರನ್ನು ಒಪ್ಪಿಸಿದರು. ಅಲ್ಲಿ 1993ರ ನಂತರ ರೋಗ ಕಾಣಿಸಲಿಲ್ಲ. ನೈಜೀರಿಯಾದ ಮಾಜಿ ಮುಖ್ಯಸ್ಥ ಯಾಕುಬು ಗೊವೊನ್ ಸ್ವತಃ ಹಳ್ಳಿಗಳನ್ನು ಸುತ್ತಿದರು. ಅತಿ ಹೆಚ್ಚು ರೋಗಿಗಳಿದ್ದ ಆ ದೇಶದಲ್ಲಿ 2008ರಲ್ಲಿ ಕೊನೆಯ ಪ್ರಕರಣ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1995ರ ಸುಡಾನ್. ಅಂತರ್ಯುದ್ಧ ಧಗಧಗಿಸುತ್ತಿತ್ತು. ಆರೋಗ್ಯ ಕಾರ್ಯಕರ್ತರು ಹಳ್ಳಿಗಳಿಗೆ ಹೋಗಲಿ ಎಂದು ಕಾರ್ಟರ್ ಎರಡೂ ಪಕ್ಷಗಳನ್ನು ಕದನವಿರಾಮಕ್ಕೆ ಒಪ್ಪಿಸಿದರು, ಅದು ಹತ್ತಿರ ಹತ್ತಿರ ಆರು ತಿಂಗಳು ನಡೆಯಿತು. ಒಂದು ಹುಳುವಿನ ಸಲುವಾಗಿ ಬಂದೂಕು ಕೆಳಗಿಟ್ಟರು ಎಂಬುದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಪ್ರತಿಕ್ರಿಯೆ (ನಿವೃತ್ತ ಆರೋಗ್ಯ ಸಹಾಯಕ, ಕಲಬುರಗಿ): ಮೇಡಂ, ಎಲ್ಲಾ ಛಲೋ ಹೇಳೀರಿ. ಆದ್ರ ನಮ್ಮ ಕಡೆ ಬಾವಿ ಬಾವಿಗೆ ಔಷಧಿ ಹಾಕ್ಕೋತ, ಮನಿ ಮನಿ ತಿರುಗಿದವರು ನಾವ್ರೀ. ಕಾರ್ಟರ್ ಸಾಹೇಬ್ರ ಜೀಪು ಒಂದೂ ನೋಡಿಲ್ಲ.

ಉತ್ತರ: ಅಣ್ಣಾವ್ರೇ, ನಾನು "ಆಮೇಲೆ ಬರುತ್ತೇನೆ" ಅಂದದ್ದು ಇದಕ್ಕೇ. ನಿಮ್ಮಂಥವರೇ ಬಂದು ಬರೆದದ್ದು ಬಹಳ ಸಂತೋಷ.

ಭಾರತದ ಸ್ವಂತ ನಿರ್ಮೂಲನ ಕಾರ್ಯಕ್ರಮ 1983-84ರಲ್ಲೇ ಶುರುವಾಗಿತ್ತು, ಕಾರ್ಟರ್ ಸಂಸ್ಥೆ ಕೈಹಾಕುವ ಮುಂಚೆ. ದೆಹಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆ ಅದನ್ನು ನಡೆಸಿತು. 1984ರಲ್ಲಿ ದೇಶದಲ್ಲಿ ಸುಮಾರು 40,000 ಪ್ರಕರಣಗಳಿದ್ದವು. ರಾಜಸ್ಥಾನ, ಮಧ್ಯಪ್ರದೇಶ, ಗುಜರಾತ್, ಮಹಾರಾಷ್ಟ್ರ, ಆಂಧ್ರದ ಜೊತೆ ನಮ್ಮ ಕರ್ನಾಟಕವೂ ಆ ಪಟ್ಟಿಯಲ್ಲಿತ್ತು. ಆರೋಗ್ಯ ಸಹಾಯಕರು ಮನೆಮನೆ ತಿರುಗಿ ರೋಗಿಗಳನ್ನು ಹುಡುಕಿದರು, ಬಾವಿಗಳಿಗೆ ಟೆಮೆಫಾಸ್ ಹಾಕಿದರು. ಅಬೇಟ್ ಅಂದರೂ ಅದೇ ಔಷಧಿ. ಕೊಳವೆಬಾವಿ, ಕೈಪಂಪು ಬಂದವು, ಜನ ನೀರಿಗೆ ಇಳಿಯದಂತೆ ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾಡಿದರು. ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ನಾರುಹುಣ್ಣು ಮುಕ್ತ ಎಂದು ಪ್ರಮಾಣಪತ್ರ ಕೊಟ್ಟಿತು. ಈ ಕೀರ್ತಿ ಸಲ್ಲಬೇಕಾದ್ದು ಸೈಕಲ್ ತುಳಿದ ನಿಮ್ಮಂಥವರಿಗೆ. ನಿಮ್ಮ ಆಗಿನ ಡೈರಿ, ಬಾವಿಗಳ ಪಟ್ಟಿ ಏನಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ, ಹತ್ತಿರದ ವೈದ್ಯಕೀಯ ಕಾಲೇಜಿಗೆ ಕೊಡಿ.

ಪ್ರಶ್ನೆ (ಇಂಜಿನಿಯರ್, ಬೆಂಗಳೂರು): ಈಗ ಪೂರ್ತಿ ಹೋಯಿತಾ ಮೇಡಂ?

ಉತ್ತರ: ಇಲ್ಲ. 2024ರಲ್ಲಿ ಇಡೀ ಜಗತ್ತಿನಲ್ಲಿ ಮನುಷ್ಯರಲ್ಲಿ ಕಂಡದ್ದು 15 ಪ್ರಕರಣ, ಎಲ್ಲ ಚಾಡ್ ಮತ್ತು ದಕ್ಷಿಣ ಸುಡಾನ್‌ನಲ್ಲಿ. ಆದರೆ 2012ರಲ್ಲಿ ಚಾಡ್‌ನ ನಾಯಿಗಳಲ್ಲೂ ಇದೇ ಹುಳು ಪತ್ತೆಯಾಯಿತು. 2016ರ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಹೆಚ್ಚು ನಾಯಿಗಳಿಗೆ ತಗುಲಿತ್ತು. ಮೀನು ಹಸನು ಮಾಡಿ ಬಿಸಾಡಿದ ಕರುಳನ್ನು ನಾಯಿಗಳು ತಿನ್ನುವುದು ಒಂದು ದಾರಿ ಎಂದು ತಜ್ಞರು ಹೇಳುತ್ತಾರೆ. ಈಗ ಕರುಳನ್ನು ಹೂಳಿಸುತ್ತಾರೆ, ಹುಳುವಿರುವ ನಾಯಿಯನ್ನು ಕಟ್ಟಿಹಾಕಿದವರಿಗೆ, ಸುದ್ದಿ ಕೊಟ್ಟವರಿಗೆ ಬಹುಮಾನ ಕೊಡುತ್ತಾರೆ. ಗುರಿ 2030. ತನಗಿಂತ ಮೊದಲು ಕೊನೆಯ ಹುಳು ಸಾಯಬೇಕು ಎಂದು ಕಾರ್ಟರ್ 2015ರಲ್ಲಿ, ಕ್ಯಾನ್ಸರ್ ಇದೆ ಎಂದು ಗೊತ್ತಾದ ಹೊತ್ತಿನಲ್ಲಿ, ಹೇಳಿದ್ದರು. 2024ರ ಡಿಸೆಂಬರ್ 29ರಂದು, ನೂರು ವರ್ಷ ತುಂಬಿದ ಮೇಲೆ, ಅವರು ಹೋದರು. ಕೆಲಸ ಇನ್ನೂ ನಡೆಯುತ್ತಿದೆ.

ಪ್ರಶ್ನೆ (ಶಿಕ್ಷಕಿ, ರಾಯಚೂರು ಜಿಲ್ಲೆ): ಕೊನೀದೊಂದು ಡಾಕ್ಟ್ರೇ. ಅವ್ವನಿಂದ ಮನಿಯವರಿಗೆ ಏನೂ ಆಗಂಗಿಲ್ಲಲ್ರೀ?

ಉತ್ತರ: ಏನೂ ಆಗುವುದಿಲ್ಲ. ಆ ಹುಳು ಹೊರಬಂದು ಎಷ್ಟೋ ದಶಕಗಳಾದವು. ಇದು ಮುಟ್ಟಿದರೆ ಅಂಟುವ ರೋಗವೂ ಅಲ್ಲ. ಆ ಕಾಲಿನಲ್ಲಿ ನೋವೋ ಕೀಲು ಬಿಗಿತವೋ ಇದ್ದರೆ ಮಾತ್ರ ಮೂಳೆ ವೈದ್ಯರಿಗೆ ಒಮ್ಮೆ ತೋರಿಸಿ, ಹಿಂದೆ ನಾರುಹುಣ್ಣು ಆಗಿತ್ತು ಎಂಬುದನ್ನು ಮರೆಯದೆ ಹೇಳಿ. ಸತ್ತ ಹುಳು ಒಳಗೇ ಸುಣ್ಣಗಟ್ಟಿ ಉಳಿದಿದ್ದರೆ ಎಕ್ಸ್‌ರೇಯಲ್ಲಿ ದಾರದ ಹಾಗೆ ಕಾಣಿಸಬಹುದು, ಈ ರೋಗ ನೋಡಿಯೇ ಇಲ್ಲದ ಈಗಿನ ಹುಡುಗ ವೈದ್ಯರಿಗೆ ಅದು ಏನೆಂದು ಹೊಳೆಯದೇ ಹೋಗಬಹುದು.