ಮಾರ್ಬಲ್ ಕ್ವೀನ್ ಮನಿ ಪ್ಲಾಂಟ್: ಹೊಸ ಎಲೆಗಳಲ್ಲಿ ಬಿಳಿ ಬಣ್ಣವೇ ಬರುತ್ತಿಲ್ಲ

ಪ್ರಶ್ನೆ

ನನ್ನ ಮಾರ್ಬಲ್ ಕ್ವೀನ್ ತೂಗುಕುಂಡದಲ್ಲಿದೆ. ತಂದಾಗ ಎಲೆಗಳಲ್ಲಿ ಅರ್ಧಕ್ಕರ್ಧ ಬಿಳಿ ಇತ್ತು. ಈಗ ಬರುವುದೆಲ್ಲ ಹಸಿರು. ಬಳ್ಳಿ ಉದ್ದ ಆಗುತ್ತಿದೆ, ಆದರೆ ಬುಡದ ಹತ್ತಿರ ಎಲೆ ಉದುರಿ ಬೋಳಾಗಿದೆ. ಕೆಲವು ಹಳೆಯ ಎಲೆಗಳ ಮೇಲೆ ಕಂದು ಕಲೆಗಳೂ ಇವೆ. ದಿನ ಬಿಟ್ಟು ದಿನ ನೀರು ಹಾಕುತ್ತೇನೆ. ಕಿಟಕಿ ಪಕ್ಕದಲ್ಲೇ ಇದೆ, ಹಾಗಾಗಿ ಬೆಳಕಿಗೇನೂ ಕೊರತೆ ಇಲ್ಲ. ಗೊಬ್ಬರ ಕಡಿಮೆ ಆಯಿತಾ?

ಉತ್ತರ

ಬಿಸಿಲಿಗೆ ಇಡಿ, ತಾನಾಗೇ ಬಿಳಿ ಬರುತ್ತದೆ.

ಇನ್ನೊಂದು ಉತ್ತರ

ದಯವಿಟ್ಟು ನೇರ ಬಿಸಿಲಿಗೆ ಇಡಬೇಡಿ. ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲದಂತೆಯೇ ಲೆಕ್ಕ. ಕಡು ಬಿಸಿಲು ಬಿದ್ದರೆ ಮೊದಲು ಸುಡುವುದು ಅದೇ. ಗಿಡಕ್ಕೆ ಬೇಕಾಗಿರುವುದು ಬೆಳಕು, ಬಿಸಿಲಲ್ಲ. ಗೊಬ್ಬರವನ್ನೂ ಸದ್ಯ ಮುಟ್ಟಬೇಡಿ. ಬೆಳಕು ಸಾಲದ ಕಡೆ ಗೊಬ್ಬರ ಹಾಕಿ ಪ್ರಯೋಜನವಿಲ್ಲ.

ಮೂರು ವಿಷಯ ನೋಡಿ ಹೇಳಿ. ಕುಂಡದ ಬಾಯಿ ಕಿಟಕಿಯ ಮೇಲಿನ ಅಂಚಿಗಿಂತ ಎತ್ತರದಲ್ಲಿದೆಯಾ? ಕಂದು ಕಲೆ ಮುಟ್ಟಿದರೆ ಗರಿಗರಿಯಾಗಿದೆಯಾ, ಮೆತ್ತಗಿದೆಯಾ? ಕೊನೆಯದು ಮುಖ್ಯ: ಎಲೆ ಬಿಟ್ಟುಬಿಡಿ, ದಂಟನ್ನು ನೋಡಿ. ಅದರ ಮೇಲೆ ಬಿಳಿ ಗೆರೆ ಇದೆಯಾ?

ಪ್ರಶ್ನೆ ಕೇಳಿದವರು

ಚಾವಣಿಯ ಕೊಕ್ಕೆಗೆ ನೇತುಹಾಕಿದ್ದೇನೆ. ಹೌದು, ಕುಂಡ ಕಿಟಕಿಗಿಂತ ಮೇಲಿದೆ! ಕಲೆ ಮೆತ್ತಗಿದೆ, ಸುತ್ತ ಹಳದಿ ಉಂಗುರ. ಉದ್ದ ಬಳ್ಳಿ ಎರಡಿವೆ. ಒಂದರ ದಂಟು ತುದಿಯ ಕಡೆ ಪೂರ್ತಿ ಹಸಿರು. ಇನ್ನೊಂದರಲ್ಲಿ ಸಣ್ಣ ಬಿಳಿ ಗೆರೆ ಕೊನೆತನಕ ಹೋಗಿದೆ, ಆದರೆ ಎಲೆಯಲ್ಲಿ ಅಲ್ಲಲ್ಲಿ ಚುಕ್ಕಿ ಅಷ್ಟೇ.

ಇನ್ನೊಂದು ಉತ್ತರ

ಹಾಗಾದರೆ ನಿಮ್ಮದು ಒಂದು ಸಮಸ್ಯೆ ಅಲ್ಲ, ಮೂರು.

ಬೋಳಾಗಿರುವುದಕ್ಕೆ ಕಾರಣ ಕೊಕ್ಕೆ. ಕಿಟಕಿಯ ಬೆಳಕು ಒಳಗೆ ಬಂದು ಕೆಳಗಿಳಿಯುತ್ತದೆ. ಚಾವಣಿಯ ಹತ್ತಿರ ನಮ್ಮ ಕಣ್ಣಿಗೆ ಬೆಳಕಿದೆ ಅನಿಸಿದರೂ ಗಿಡಕ್ಕೆ ಅದು ಕತ್ತಲೆ. ಕುಂಡದ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿದು ನೋಡಿ. ನೆರಳೇ ಬೀಳದಿದ್ದರೆ ಆ ಜಾಗ ಬೇಡ. ಮಸುಕಾದ, ಆದರೆ ಕೈ ಎಂದು ಗೊತ್ತಾಗುವ ನೆರಳು ಸಾಕು. ಕುಂಡದ ಬಾಯಿ ಗಾಜಿನ ಎದುರಿಗೇ ಬರುವಂತೆ ಸರಪಳಿ ಇಳಿಸಿ. ಬೆಳಗಿನ ಎಳೆ ಬಿಸಿಲು ಬೀಳುವ ಕಿಟಕಿಯಾದರೆ ತುಂಬಾ ಒಳ್ಳೆಯದು. ಮಧ್ಯಾಹ್ನದ ಬಿಸಿಲಾದರೆ ತೆಳು ಪರದೆ ಹಾಕಿ.

ಮೆತ್ತಗಿನ ಕಲೆ, ಹಳದಿ ಉಂಗುರ ಎಂದರೆ ಹೆಚ್ಚಾಗಿ ನೀರು ಜಾಸ್ತಿ ಆಗಿ ಬೇರು ಕೊಳೆಯುತ್ತಿದೆ ಎಂದರ್ಥ. ಮಂದ ಬೆಳಕಿನಲ್ಲಿ ಗಿಡ ನೀರು ಕುಡಿಯುವುದೇ ಕಡಿಮೆ. ಅದಕ್ಕೆ ದಿನ ಬಿಟ್ಟು ದಿನ ಹಾಕಿದರೆ ಮಣ್ಣು ಯಾವತ್ತೂ ಒಣಗುವುದಿಲ್ಲ. ದಿನದ ಲೆಕ್ಕ ಬಿಡಿ. ಬೆರಳಿನ ಎರಡು ಗಿಣ್ಣು ಇಳಿಸಿ, ಒಣಗಿದ್ದರೆ ಮಾತ್ರ ಹಾಕಿ. ಈಗ ಒಮ್ಮೆ ಗಿಡ ಹೊರತೆಗೆದು ನೋಡಿ. ಕಪ್ಪಗೆ ಲೊಳಲೊಳ ಆಗಿರುವ ಬೇರು ಕತ್ತರಿಸಿ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜೊತೆ ಪರ್ಲೈಟ್ (ನೀರು ಬೇಗ ಇಳಿಯಲು ಹಾಕುವ ಹಗುರ ಬಿಳಿ ಹರಳು) ಬೆರೆಸಿ ಮತ್ತೆ ನೆಡಿ. ತಳದಲ್ಲಿ ತೂತು ಇದೆಯಾ ಅಂತಲೂ ನೋಡಿ. ಎಷ್ಟೋ ತೂಗುಕುಂಡಗಳಲ್ಲಿ ಇರುವುದೇ ಇಲ್ಲ!

ಇನ್ನು ಬಣ್ಣ. ಒಮ್ಮೆ ಹಸಿರಾಗಿ ಬಿಚ್ಚಿಕೊಂಡ ಎಲೆ ಮತ್ತೆ ಬೆಳ್ಳಗಾಗುವುದಿಲ್ಲ, ಏನು ಮಾಡಿದರೂ. ಮುಂದಿನ ಎಲೆಯ ಮೇಲೆ ಮಾತ್ರ ಆಸೆ ಇಟ್ಟುಕೊಳ್ಳಬಹುದು. ಬಿಳಿ ಗೆರೆ ಉಳಿದಿರುವ ಬಳ್ಳಿಗೆ ಬೆಳಕು ಸಿಕ್ಕರೆ ಸಾಕು, ಹೊಸ ಎಲೆಗಳಲ್ಲಿ ಬಣ್ಣ ಮರಳುತ್ತದೆ. ಪೂರ್ತಿ ಹಸಿರಾದ ಬಳ್ಳಿ ಹಾಗಲ್ಲ. ಅದು ತನ್ನ ಹಳೆಯ ಗುಣಕ್ಕೆ ತಿರುಗಿದೆ. ಬೆಳಕು ಕೊಟ್ಟರೆ ಇನ್ನೂ ಜೋರಾಗಿ ಹಸಿರೇ ಬೆಳೆದು, ಪಕ್ಕದ ಬಿಳಿ ಬಳ್ಳಿಯನ್ನು ಹಿಂದೆ ಹಾಕುತ್ತದೆ. ಅದನ್ನು ಕತ್ತರಿಸಲೇಬೇಕು.

ಎಲ್ಲಿ ಕತ್ತರಿಸಬೇಕು ಅನ್ನುವುದರಲ್ಲೇ ಎಲ್ಲ ಇದೆ. ತುದಿಯಿಂದ ಹಿಂದಕ್ಕೆ ಬೆರಳಾಡಿಸುತ್ತಾ ಬನ್ನಿ. ಪ್ರತಿ ಗಿಣ್ಣಿನಲ್ಲಿ ಎಲೆಯ ತೊಟ್ಟು ಸೇರುವ ಕಡೆ, ಅಕ್ಕಿಕಾಳಿನಷ್ಟು ಸಣ್ಣ ಕಣ್ಣು ಇರುತ್ತದೆ. ಮುಂದಿನ ಚಿಗುರು ಅದರಿಂದಲೇ. ಬಿಳಿ ಗೆರೆ ಆ ಕಣ್ಣಿನ ಕೆಳಗೇ ಹಾದುಹೋಗುವ ಗಿಣ್ಣನ್ನು ಹುಡುಕಿ, ಅದರ ಮುಂದೆ ಅರ್ಧ ಇಂಚು ಬಿಟ್ಟು ಕತ್ತರಿಸಿ. ಗೆರೆ ದಂಟಿನ ಇನ್ನೊಂದು ಮಗ್ಗುಲಲ್ಲಿದ್ದರೆ ಆ ಗಿಣ್ಣು ಬೇಡ, ಇನ್ನೂ ಹಿಂದೆ ಬನ್ನಿ. ಅಲ್ಲಿಂದ ಹಸಿರು ಚಿಗುರು ಬರುವ ಸಾಧ್ಯತೆಯೇ ಹೆಚ್ಚು. ದಂಟು ಪೂರ್ತಿ ಬಿಳಿ ಇರುವ ಕಡೆಯೂ ಬೇಡ. ಬರೀ ಬಿಳಿ ಎಲೆ ನೋಡಲು ಚೆಂದ, ಆದರೆ ಆಹಾರ ಮಾಡಿಕೊಳ್ಳಲಾರದು. ಅಂಥ ತುಂಡನ್ನು ಬೇರೆ ನೆಟ್ಟರೆ ಬದುಕುವುದಿಲ್ಲ.

ಕತ್ತರಿಸಿದ ಮೇಲೆ ಕೈ ತೊಳೆಯಿರಿ, ರಸ ತಾಗಿದರೆ ಕೆಲವರಿಗೆ ತುರಿಸುತ್ತದೆ. ಬೆಕ್ಕು, ನಾಯಿ, ಮಕ್ಕಳು ಎಲೆ ಕಚ್ಚದಂತೆ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು

ಬೇರು ನೋಡಿದೆ, ಸ್ವಲ್ಪ ಕೊಳೆತಿತ್ತು. ತೆಗೆದು ಬೇರೆ ಮಣ್ಣಿಗೆ ಹಾಕಿದೆ, ಕುಂಡ ಕೆಳಗಿಳಿಸಿದೆ. ಹಸಿರು ಬಳ್ಳಿಯನ್ನೂ ನೀವು ಹೇಳಿದ ಕಡೆ ಕತ್ತರಿಸಿದೆ. ಅದರ ತುಂಡುಗಳನ್ನು ಅದೇ ಕುಂಡದಲ್ಲಿ ಚುಚ್ಚಿ ಬೋಳು ಜಾಗ ತುಂಬಿಸಲಾ?

ಇನ್ನೊಂದು ಉತ್ತರ

ಅಯ್ಯೋ, ಬೇಡ. ಸ್ವಲ್ಪ ಕಾಲದಲ್ಲೇ ಕುಂಡ ಪೂರ್ತಿ ಅದರದ್ದೇ ಆಗುತ್ತದೆ. ಹಸಿರು ತುಂಡುಗಳನ್ನು ಗಿಣ್ಣು ಮುಳುಗುವಂತೆ ಬೇರೆ ನೀರಿನ ಬಾಟಲಿಯಲ್ಲಿಡಿ. ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ಬೋಳು ಜಾಗಕ್ಕೆ ಬಿಳಿ ಗೆರೆಯ ಬಳ್ಳಿಯನ್ನೇ ಮಣ್ಣಿನ ಮೇಲೆ ಸುತ್ತಿ, ಗಿಣ್ಣುಗಳು ಮಣ್ಣಿಗೆ ತಾಗುವಂತೆ ಹೇರ್‌ಪಿನ್ ಚುಚ್ಚಿ. ಕತ್ತರಿಸುವುದೇ ಬೇಡ, ಅಲ್ಲಲ್ಲೇ ಬೇರು ಹಿಡಿದು ಚಿಗುರುತ್ತದೆ.

ಪ್ರಶ್ನೆ ಕೇಳಿದವರು

ಹೇರ್‌ಪಿನ್ ತುಕ್ಕು ಹಿಡಿಯಲ್ವಾ?

ಇನ್ನೊಂದು ಉತ್ತರ

ಹಿಡಿಯಲಿ ಬಿಡಿ, ಬೇರು ಬಂದ ಮೇಲೆ ಕಿತ್ತು ಬಿಸಾಕಿ.