ನೆಟಾಲಿಗೆ ಹೋದ ಅಜ್ಜಿಯನ್ನು ಹುಡುಕುವುದು ಹೇಗೆ?

ಕೇಳಿದವರು:

ನಮ್ಮ ಮುತ್ತಜ್ಜಿಯ ಅಕ್ಕ ದೊಡ್ಡ ಬರಗಾಲ ಕಳೆದ ಮೇಲೆ ಮದ್ರಾಸಿಗೆ ಹೋಗಿ ಹಡಗು ಹತ್ತಿದಳಂತೆ. ಊರು ಕೊಳ್ಳೇಗಾಲದ ಕಡೆ. ಅವಳ ಹೆಸರು ಪುಟ್ಟಮ್ಮ, ಹೋದದ್ದು ‘ನೆಟಾಲು’, ಅಂದರೆ ಈಗಿನ ದಕ್ಷಿಣ ಆಫ್ರಿಕಾದ ಕಡೆ. ಮನೆಯಲ್ಲಿ ಉಳಿದಿರುವುದು ಇಷ್ಟೇ. ಅಮ್ಮನಿಗೆ ವಯಸ್ಸಾಗಿದೆ. ಆ ಕಡೆ ನಮ್ಮವರು ಯಾರಾದರೂ ಇದ್ದಾರಾ ಅಂತ ಕೇಳುತ್ತಲೇ ಇರುತ್ತಾರೆ. ಹೀಗೆ ಹುಡುಕಿದವರು ಇದ್ದರೆ ಎಲ್ಲಿಂದ ಶುರು ಮಾಡಬೇಕು ಅಂತ ದಯವಿಟ್ಟು ಹೇಳಿ.

ಮೈಸೂರಿನಿಂದ:

ನಮ್ಮ ತಾತನ ಸೋದರತ್ತೆಯೂ ಹೀಗೇ ಹೋದವರು. ಅವರ ಜಾಡು ನಮಗೆ ಸಿಕ್ಕಿತು. ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ, ಹೆಸರು ಹಿಡಿದು ಹುಡುಕಲು ಹೋಗಬೇಡಿ. ನಂಬರ್ ಹಿಡಿಯಿರಿ.

ಮದ್ರಾಸಿನಿಂದ ಹೊರಟ ‘ಟ್ರೂರೋ’ ಹಡಗು 1860ರ ನವೆಂಬರ್ 16ರಂದು 342 ಜನರೊಂದಿಗೆ ನೆಟಾಲಿನ ಬಂದರು ಡರ್ಬನ್ ಮುಟ್ಟಿತು. ಅಲ್ಲಿಂದ 1911ರವರೆಗೆ ಕೂಲಿ ಒಪ್ಪಂದದ ಮೇಲೆ ನೆಟಾಲಿಗೆ ಹೋದವರು 1,52,184 ಮಂದಿ. ಒಬ್ಬೊಬ್ಬರಿಗೂ ಒಂದು ‘ಕಲೋನಿಯಲ್ ನಂಬರ್’ ಕೊಡುತ್ತಿದ್ದರು. ಹೆಂಗಸರ ಹೆಸರು ಮಾತ್ರ ಗುಮಾಸ್ತನ ಕಿವಿಗೆ ಹೇಗೆ ಬಿತ್ತೋ ಹಾಗೆ. ನಮ್ಮ ಅತ್ತೆಯ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಥರ ಇತ್ತು. ಎಲ್ಲದರಲ್ಲೂ ಅದೇ ನಂಬರ್ ಇದ್ದದ್ದರಿಂದಲೇ ಅವರೆಲ್ಲ ಒಬ್ಬರೇ ಅಂತ ಗೊತ್ತಾಯಿತು.

ಈ ನಂಬರ್ ಸಿಗುವುದು ಹಡಗಿನ ಪಟ್ಟಿಯಲ್ಲಿ. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಊರು, ಎತ್ತರ, ಮೈಮೇಲಿನ ಗುರುತು, ಎಲ್ಲಾ ಬರೆದಿರುತ್ತಾರೆ. ನಮ್ಮ ಅತ್ತೆಯ ಸಾಲಿನಲ್ಲಿ ಊರಿನ ಹೆಸರು ಅರ್ಧಕ್ಕರ್ಧ ಕೆಟ್ಟಿತ್ತು. ಆದರೆ ಗುರುತಿನ ಜಾಗದಲ್ಲಿ ಎಡ ಮುಂಗೈ ಮೇಲೆ ಹಚ್ಚೆ, ಮೊಣಕಾಲಿನ ಕೆಳಗೆ ಸುಟ್ಟ ಕಲೆ ಅಂತ ಇತ್ತು. ಒಲೆ ಮುಂದೆ ಬಿದ್ದು ಕಾಲು ಸುಟ್ಟುಕೊಂಡ ಅತ್ತೆಯ ಕಥೆಯನ್ನು ತಾತ ಹೇಳುತ್ತಿದ್ದರು. ಸುಮ್ನೆ ಅಂದುಕೊಂಡ ಇಂಥ ಮಾತನ್ನೂ ಅಮ್ಮನ ಹತ್ತಿರ ಕೇಳಿ ಈಗಲೇ ಬರೆದಿಟ್ಟುಕೊಳ್ಳಿ. ಹಚ್ಚೆ, ಮಚ್ಚೆ, ಗಾಯದ ಕಲೆ, ಜೊತೆಗೆ ಹೋದವರು ಯಾರು, ಒಂದನ್ನೂ ಬಿಡಬೇಡಿ.

ಅವಳದೊಂದೇ ಸಾಲು ನೋಡಿದರೆ ಸಾಲದು, ಮೇಲೆ ಕೆಳಗಿನ ಸಾಲುಗಳನ್ನೂ ಓದಿ. ಜೊತೆಯಾಗಿ ಹೆಸರು ಬರೆಸಿದವರ ನಂಬರ್ ಸಾಮಾನ್ಯವಾಗಿ ಒಂದರ ಹಿಂದೆ ಒಂದು ಇರುತ್ತದೆ. ಅದೇ ತಾಲ್ಲೂಕಿನ ಇನ್ನೊಬ್ಬರ ಊರು ಸರಿಯಾಗಿ ಬರೆದಿದ್ದರೆ, ಅವಳ ಊರನ್ನೂ ಅದರಿಂದ ಊಹಿಸಬಹುದು. ಪಕ್ಕದಲ್ಲಿ ಗಂಡ ಅಂತ ಒಬ್ಬರ ಹೆಸರಿದ್ದರೆ, ಅದು ಊರಿನಲ್ಲೇ ಆದ ಮದುವೆ ಅಂತ ತೀರ್ಮಾನಿಸಬೇಡಿ. ಹಡಗಿಗೆ ಕಾಯುವಾಗ ಮದ್ರಾಸಿನ ಡಿಪೋದಲ್ಲೇ ಜೊತೆಯಾದವರು ಎಷ್ಟೋ ಜನ.

ಒಂಟಿಯಾಗಿ ಹೋಗಿದ್ದರೂ ಬೇಜಾರು ಮಾಡಿಕೊಳ್ಳಬೇಡಿ. 100 ಗಂಡಸರಿಗೆ 40 ಹೆಂಗಸರನ್ನಾದರೂ ಕಳಿಸಬೇಕು ಅಂತ ಆಮೇಲೆ ನಿಯಮವೇ ಇತ್ತು. ಗಂಡ ಸತ್ತವರು, ಗಂಡ ಬಿಟ್ಟವರು, ಬರದಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡವರು ಹೀಗೆ ಹೋದರು. ನಮ್ಮ ಮನೆಯಲ್ಲಿ ಹಿರಿಯರು ಇದನ್ನು ಅವಮಾನ ಅಂತ ಮುಚ್ಚಿಟ್ಟರು, ಅದರಿಂದಲೇ ಅರ್ಧ ವಿಷಯ ಹೋಯಿತು. ಬದುಕಬೇಕು ಅಂತ ಸಮುದ್ರ ದಾಟಿದ ಹೆಣ್ಣುಮಗಳ ಬಗ್ಗೆ ನಾಚಿಕೊಳ್ಳುವುದು ಏನಿದೆ?

ನೀವು ಹೇಳುವ ಬರ 1876–78ರದ್ದೇ ಇರಬೇಕು. ಮೈಸೂರು ಸೀಮೆಯಲ್ಲಿ ಆಗ ಐದರಲ್ಲಿ ಒಂದು ಪಾಲು ಜನ ಸತ್ತುಹೋದರು ಅನ್ನುತ್ತಾರೆ. ಹಾಗಾಗಿ 1877ರಿಂದ ಮುಂದಿನ ಹತ್ತು ವರ್ಷದ ಮದ್ರಾಸ್ ಹಡಗುಗಳನ್ನು ಮೊದಲು ನೋಡಿ. ಕಲ್ಕತ್ತಾದ ಹಡಗುಗಳನ್ನು ಸದ್ಯಕ್ಕೆ ಬಿಟ್ಟುಬಿಡಿ.

ಚಾಮರಾಜನಗರದಿಂದ:

ಮೇಲೆ ಹೇಳಿದ್ದಕ್ಕೆ ಒಂದು ಮುಖ್ಯ ವಿಷಯ ಸೇರಿಸುತ್ತೇನೆ. ಪಟ್ಟಿಯಲ್ಲಿ ‘ಮೈಸೂರು’ ಅಂತ ಹುಡುಕಿದರೆ ನಿಮ್ಮ ಅಜ್ಜಿ ಸಿಗದೇ ಇರಬಹುದು. 1956ರವರೆಗೂ ಕೊಳ್ಳೇಗಾಲ ಮದ್ರಾಸಿಗೆ ಸೇರಿದ್ದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕೊಯಮತ್ತೂರು ಅಂತಲೇ ಹುಡುಕಿ. ಬಳ್ಳಾರಿ, ಮಂಗಳೂರಿನವರೂ ಅಷ್ಟೇ, ಆಗ ಮದ್ರಾಸ್ ಪ್ರಾಂತ್ಯದವರೇ.

ಊರಿನ ಹೆಸರುಗಳೂ ಹೀಗೇ ಮೋಸ ಮಾಡುತ್ತವೆ. ಪಾಂಡವಪುರ ‘ಫ್ರೆಂಚ್ ರಾಕ್ಸ್’ ಆಗಿರುತ್ತದೆ, ರಾಮನಗರ ‘ಕ್ಲೋಸ್‌ಪೇಟೆ’. ಆಗಿನ ಹೆಸರು ಗೊತ್ತಿಲ್ಲದಿದ್ದರೆ ಸ್ವಂತ ಊರೇ ಕಣ್ಣಮುಂದೆ ಹಾದುಹೋದರೂ ಗೊತ್ತಾಗುವುದಿಲ್ಲ.

ಇನ್ನೊಂದು ಕೆಲಸ ಮಾಡಿ. ನಿಮ್ಮ ಮನೆತನಕ್ಕೆ ಹೆಳವರು (ಮನೆಮನೆಗೆ ಬಂದು ವಂಶದ ಕಥೆ ಹೇಳುವವರು) ಬರುತ್ತಿದ್ದರಾ ಅಂತ ಹಿರಿಯರನ್ನು ಕೇಳಿ. ಬರುತ್ತಿದ್ದರೆ ಅವರ ಕಡೆಯವರನ್ನು ಹುಡುಕಿ ವಂಶಾವಳಿ ಹೇಳಿಸಿ. ಅವರ ಪುಸ್ತಕದಲ್ಲಿ ಗಂಡುಮಕ್ಕಳ ಸಾಲೇ ಜಾಸ್ತಿ. ಆದರೆ ನಿಮಗೆ ಬೇಕಾದದ್ದು ಪುಟ್ಟಮ್ಮನ ತಂದೆಯ ಹೆಸರು ಅಲ್ವಾ? ಅದು ಸಿಕ್ಕರೆ ಪಟ್ಟಿಯಲ್ಲಿರುವ ಹತ್ತಾರು ಪುಟ್ಟಮ್ಮಂದಿರಲ್ಲಿ ನಿಮ್ಮವಳು ಯಾರು ಅಂತ ಪತ್ತೆ ಹಚ್ಚಬಹುದು.

ಡರ್ಬನ್‌ನಲ್ಲಿ ಕೆಲಸದಲ್ಲಿರುವವರು:

ಹಡಗಿನ ಪಟ್ಟಿಗಳನ್ನು ಇಲ್ಲಿನ ಕ್ವಾಜುಲು-ನೆಟಾಲ್ ವಿಶ್ವವಿದ್ಯಾಲಯದ ಗಾಂಧಿ-ಲುಥುಲಿ ಕೇಂದ್ರದವರು ಕಂಪ್ಯೂಟರಿಗೆ ಹಾಕಿದ್ದಾರೆ. ಶುರು ಮಾಡುವುದಕ್ಕೆ ಅದೇ ಒಳ್ಳೆಯದು. ನಂಬರ್ ಸಿಕ್ಕ ಮೇಲೆ ಡರ್ಬನ್ ಮತ್ತು ಪೀಟರ್‌ಮರಿಟ್ಸ್‌ಬರ್ಗ್ ಪತ್ರಾಗಾರಗಳಿಗೆ ಬನ್ನಿ.

ಅಲ್ಲಿ ಮೊದಲು ಕೇಳಬೇಕಾದದ್ದು ಸಾವಿನ ನೋಟೀಸು. ಸತ್ತವರ ತಂದೆ-ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು, ಎಲ್ಲರ ಹೆಸರೂ ಅದರಲ್ಲಿ ಇರುತ್ತದೆ. ಅಜ್ಜಿಯದು ಸಿಗದಿದ್ದರೆ ಅವಳ ಗಂಡನದು, ಅದೂ ಇಲ್ಲದಿದ್ದರೆ ಮಕ್ಕಳದು ನೋಡಿ. ಇಲ್ಲಿ ಎಷ್ಟೋ ಮನೆಗಳಲ್ಲಿ ಮೊದಲು ಬಂದವರ ಸ್ವಂತ ಹೆಸರೇ ಮೊಮ್ಮಕ್ಕಳಿಗೆ ಮನೆತನದ ಹೆಸರಾಗಿದೆ. ಹಾಗಾಗಿ ಗಂಡನ ಹೆಸರು ಗೊತ್ತಾದರೆ ಈಗಿನ ಕುಟುಂಬದವರೆಗೂ ಬರಬಹುದು. ಮಾತೃಭಾಷೆ ಕನ್ನಡ ಅನ್ನುವವರು ಸಿಗಲಿ ಅಂತ ಕಾಯಬೇಡಿ. ಮದ್ರಾಸ್ ಕಡೆಯಿಂದ ಬಂದವರಲ್ಲಿ ತಮಿಳು, ತೆಲುಗಿನವರೇ ಜಾಸ್ತಿ. ನಿಮ್ಮ ಅಜ್ಜಿಯ ಮೊಮ್ಮಕ್ಕಳು ಈಗ ತಮ್ಮನ್ನು ತಮಿಳರು ಅಂತಲೇ ಹೇಳಿಕೊಳ್ಳುತ್ತಿರಬಹುದು.

ಒಪ್ಪಂದ ಮುಗಿದ ಮೇಲೆ ವಾಪಸ್ ಹೋದವರೂ ಇದ್ದಾರೆ. ಅವಳ ನಂಬರಿನ ಮುಂದೆ ಮದ್ರಾಸಿಗೆ ಮರಳಿದಳು ಅಂತ ಬರೆದಿದೆಯಾ ಅನ್ನೋದನ್ನೂ ತಪ್ಪದೆ ನೋಡಿ. ನಂಬರ್ ಸಿಕ್ಕ ಕೂಡಲೇ ಇಲ್ಲಿ ಹಾಕಿ. ರಜೆ ದಿನ ನಾನೇ ಪತ್ರಾಗಾರಕ್ಕೆ ಹೋಗಿ ಫೈಲು ತೆಗೆಸಿ ನೋಡುತ್ತೇನೆ. ಅಮ್ಮನಿಗೆ ಹೇಳಿ.